ಹನ್ನೆರಡು ಗಂಟೆ ದುಡಿಮೆ
ಕಾರ್ಖಾನೆಗಳ ಕೆಲಸದ ಅವಧಿಯನ್ನು ಹಿಗ್ಗಿಸಲು ಕರ್ನಾಟಕ ಸರ್ಕಾರ ಕೈಗೊಂಡ ಕ್ರಮಗಳು ಹಾಗೂ ಅವಕ್ಕೆ ಕಾರ್ಮಿಕ ಸಂಘಟನೆಗಳು ಒಡ್ಡಿದ ಪ್ರತಿರೋಧ. 1948ರ ಕಾರ್ಖಾನೆಗಳ ಕಾಯ್ದೆ ವಯಸ್ಕರಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ. 2020ರ ಮೇ 22ರಂದು, ಕೊರೋನಾ ಕಾಲದಲ್ಲಿ, ಸರ್ಕಾರ ಈ ಮಿತಿಯನ್ನು 10 ಮತ್ತು 60ಕ್ಕೆ ಏರಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಜೂನ್‌ನಲ್ಲಿ ಸರ್ಕಾರ ಆದೇಶವನ್ನು ಹಿಂಪಡೆಯಿತು. 2023ರ ತಿದ್ದುಪಡಿ ವಾರದ 48 ಗಂಟೆಯನ್ನು ಉಳಿಸಿಕೊಂಡು, ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಹೆಂಗಸರ ರಾತ್ರಿ ಪಾಳಿಗೂ ಷರತ್ತಿನ ಒಪ್ಪಿಗೆ ಕೊಟ್ಟಿತು.

ಕಾರ್ಮಿಕರ ಲಿಖಿತ ಸಮ್ಮತಿ ಬೇಕೆಂಬುದು ಈ ತಿದ್ದುಪಡಿಯ ಸಮರ್ಥನೆ. ಆದರೆ ಗುತ್ತಿಗೆ ಮೇಲೆ ಇರುವವರು ಸಹಿ ಹಾಕುವುದಿಲ್ಲ ಎನ್ನಲು ಆಗುತ್ತದೆಯೇ ಎಂಬುದು ಸಂಘಟನೆಗಳ ಪ್ರಶ್ನೆ, ಅದು ಸರಿಯಾದ ಪ್ರಶ್ನೆ. ಎಂಟು ಗಂಟೆಯ ಮೂರು ಪಾಳಿಗಳು ಹನ್ನೆರಡರ ಎರಡು ಪಾಳಿಗಳಾದರೆ ಮೂರರಲ್ಲೊಂದು ಪಾಳಿಯ ಕೆಲಸವೇ ಹೋಗುತ್ತದೆ ಎಂಬ ಆತಂಕವೂ ಇದೆ.

ಗಡಿಯಾರ ಕಾರ್ಖಾನೆ ಗೇಟಿನಲ್ಲಿ ಶುರುವಾಗುವುದಿಲ್ಲ. ನಂಜನಗೂಡು, ತಾಂಡವಪುರದ ಕೈಗಾರಿಕಾ ಪ್ರದೇಶಕ್ಕೆ ಹೆಡತಲೆಯಂಥ ಹಳ್ಳಿಯಿಂದ ಹೋಗಿ ಬರುವವರಿಗೆ ಬಸ್ಸಿಗೆ ಕಾಯುವ ಹೊತ್ತೂ ದುಡಿಮೆಯ ದಿನವೇ. ಹೆಂಗಸರಿಗೆ ಅದಕ್ಕೂ ಮೊದಲು ಒಲೆ, ನೀರು, ಮಕ್ಕಳು, ದನದ ಕೊಟ್ಟಿಗೆ. ಹನ್ನೆರಡು ಗಂಟೆಯ ಪಾಳಿ ಇವರ ನಿದ್ದೆಯನ್ನೇ ಕತ್ತರಿಸುತ್ತದೆ.

ಇಂಥ ಪ್ರಯತ್ನ ಕಾರ್ಖಾನೆಗಳಿಗಷ್ಟೇ ನಿಲ್ಲಲಿಲ್ಲ. 2024 ಮತ್ತು 2025ರಲ್ಲಿ ಐಟಿ ವಲಯದ ಕೆಲಸದ ಅವಧಿ ಹೆಚ್ಚಿಸುವ ಪ್ರಸ್ತಾವಗಳನ್ನು ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ವಿರೋಧಿಸಿತು.