ಕಚೇರಿಯ ವಿನೋದನಾಟಕವೂ ಅದರ ಡಂಗುರವೂ

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ಹಾದಿಯ ಮೇಲಿನ ಜವಳಗೇರಾ, ಅದರಾಚೆಯ ಮಸ್ಕಿ, ಲಿಂಗಸುಗೂರು ಸೀಮೆಗಳಲ್ಲಿ ಜಾತ್ರೆಯ ಕಾಲಕ್ಕೆ ಊರಿನವರೇ ಕೂಡಿ ಸಾಮಾಜಿಕ ನಾಟಕವೊಂದನ್ನು ಆಡುವ ವಾಡಿಕೆ ಇರುವದು. ಅಂತಹ ನಾಟಕದ ಹಸ್ತಪತ್ರಿಕೆಯನ್ನು ಓದಿದವರಿಗೆ ಒಂದು ಸಂಗತಿ ಕಾಣದೆ ಇರಲಾರದು. ನಾಟಕದ ಹೆಸರು ಮೇಲೆ ದಪ್ಪಕ್ಷರದಲ್ಲಿರುತ್ತದೆ; ಕಥೆಯ ಮಾತು ಇಲ್ಲವೆನ್ನುವಷ್ಟು ಕಡಿಮೆ; ಉಳಿದುದೆಲ್ಲ ಹೆಸರುಗಳು. ಪಾತ್ರಧಾರಿಗಳು, ಪೇಟಿ-ತಬಲೆಯವರು, ರಂಗಸಜ್ಜಿಕೆಯವರು, ಕಾಣಿಕೆ ಕೊಟ್ಟವರು, ಉದ್ಘಾಟನೆಗೆ ಬರುವ ಹಿರಿಯರು, ಒಬ್ಬರನ್ನೂ ಬಿಟ್ಟಿರುವದಿಲ್ಲ. ಪಟ್ಟಣದ ರಸಿಕರು ಇದನ್ನು ಕಂಡು ನಗುವದುಂಟು. ನಗತಕ್ಕುದೇನೂ ಇಲ್ಲ. ಸಣ್ಣ ನಾಟಕವು ಪ್ರೇಕ್ಷಕನನ್ನು ಹೇಗೆ ಕರೆಯಬೇಕು, ಅದರಲ್ಲಿಯೂ ಕಚೇರಿ, ವಕೀಲಿ, ಗುಮಾಸ್ತಿಕೆಗಳಂತಹ ನಿತ್ಯದ ಕೆಲಸವನ್ನು ಹಾಸ್ಯಕ್ಕೆ ಎತ್ತಿಕೊಂಡ ನಾಟಕವು ಹೇಗೆ ಕರೆಯಬೇಕು, ಎಂಬ ಪ್ರಶ್ನೆಗೆ ಕನ್ನಡ ರಂಗಭೂಮಿಯು ಬಹುಕಾಲ ತಡಕಾಡಿ ಕಂಡುಕೊಂಡ ಉತ್ತರವು ಆ ಕಾಗದದಲ್ಲಿಯೇ ಇರುವದು.

ಈ ಸೀಮೆಗೆ ಅತ್ಯಂತ ಹಳೆಯ ಪರಿಚಯವೆಂದರೆ ಹಗಲುವೇಷದವರದು. ಅವರಿಗೆ ಡಂಗುರದ ಖರ್ಚಿಲ್ಲ. ಬಣ್ಣ ಹಚ್ಚಿ ಓಣಿಯಲ್ಲಿ ನಡೆದರೆ ಅದೇ ನಾಟಕ, ಅದೇ ಪ್ರಚಾರ. ರಾಮ, ಭೀಮರ ನಡುವೆ ಒಂದು ದಿನ ಪೋಲೀಸನ ವೇಷ ಬಂದಿತೆಂದರೆ ಊರು ಮೊದಲು ಬೆಚ್ಚಿ ಅನಂತರ ನಗುವದು. ಅಧಿಕಾರದವನನ್ನು ನೋಡಿ ನಗುವ ಸುಖವು ಹಳ್ಳಿಗೆ ದೊರೆತದ್ದು ಈ ದಾರಿಯಿಂದ.

ವೃತ್ತಿಕಂಪನಿಗಳ ರೀತಿಯೇ ಬೇರೆ. 1871ರಲ್ಲಿ ಮುಂಬಯಿಯ ಮತ್ತು ಮದರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಪರದೆ, ಪೆಟ್ಟಿಗೆಗಳನ್ನು ಹೊತ್ತ ಕಂಪನಿಗಳಿಗೆ ದೂರದ ಊರುಗಳು ಹತ್ತಿರವಾದವು. ಮುಕ್ಕಾಮು ಮಾಡಿದ ಕಂಪನಿಯು ಬಂಡಿಯ ಎರಡೂ ಮಗ್ಗುಲಿಗೆ ಚಿತ್ರಪಟ ಕಟ್ಟಿ, ಮುಂದೆ ವಾದ್ಯ ಬಾರಿಸಿ, ಹಸ್ತಪತ್ರಿಕೆ ಎರಚುತ್ತ ಪೇಟೆ ಸುತ್ತುತ್ತಿತ್ತು. ಮಕ್ಕಳು ಅದರ ಹಿಂದೆ ಓಡುತ್ತಿದ್ದರು. ಆ ಕೂಗಿಗೆ ತಕ್ಕ ಸಾಮಗ್ರಿಯೂ ಅವರಲ್ಲಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು 1934ರಲ್ಲಿ ‘ಕುರುಕ್ಷೇತ್ರ’ವನ್ನಾಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬಂದವು. ಆನೆ ಬರುವದೆಂದು ಸಾರುವದು ಸುಲಭ. ಆದರೆ ಒಂದು ಮೇಜು, ಎರಡು ಕುರ್ಚಿ, ಧೂಳು ಹಿಡಿದ ಕಡತದ ಕಟ್ಟು, ಇಷ್ಟೇ ಇರುವ ನಾಟಕವು ಏನೆಂದು ಸಾರಬೇಕು?

ಈ ಕಷ್ಟವನ್ನು ಮೊದಲು ಕಂಡವರು ಹವ್ಯಾಸಿಗಳು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ತುಂಗಭದ್ರೆಯ ಆಚೆ, ಅಂದಿನ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ವಕೀಲರೇ ಮುಂದಾಗಿ ನಾಟಕಸಭೆಗಳನ್ನು ನಡೆಯಿಸಿದ್ದರು. ಅವರಲ್ಲಿ ದೊಡ್ಡವರಾದ ಬಳ್ಳಾರಿ ರಾಘವರು ಹೊಟ್ಟೆಪಾಡಿಗೆ ವಕೀಲಿಯನ್ನಿಟ್ಟುಕೊಂಡು, ನಾಟಕದ ಹಣವನ್ನು ಹೆಚ್ಚಾಗಿ ಧರ್ಮಕಾರ್ಯಗಳಿಗೆ ಬಿಟ್ಟುಕೊಟ್ಟವರು. ಸಹಾಯಾರ್ಥ ಪ್ರಯೋಗವೆಂಬುದು ಹವ್ಯಾಸಿಗಳ ಒಳ್ಳೆಯ ಉಪಾಯವಾಗಿದ್ದಿತು. ಶಾಲೆಗೋ ಅನಾಥರಿಗೋ ಎಂದು ಮನೆಬಾಗಿಲಿಗೆ ಬಂದ ಟಿಕೀಟನ್ನು ಬೇಡವೆನ್ನುವದು ಮರ್ಯಾದಸ್ಥರಿಗೆ ಕಷ್ಟ. ಆದರೆ ದಾಕ್ಷಿಣ್ಯದಿಂದ ಟಿಕೀಟು ಕೊಂಡವರೆಲ್ಲ ನಾಟಕಕ್ಕೆ ಬರುವರೆಂಬ ನೆಚ್ಚಿಕೆಯಿಲ್ಲ.

ಅವರನ್ನು ಬರಮಾಡಿದವರು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಓದಿ ಬಂದು ಕೆಲಕಾಲ ಮೈಸೂರು ಸರಕಾರದ ಚಾಕರಿ ಮಾಡಿದ ಇವರಿಗೆ ಕೆಲಸದವರ ಮಾತು, ಮೋರೆ, ಮರ್ಜಿಗಳು ಚೆನ್ನಾಗಿ ತಿಳಿದಿದ್ದವು. ‘ಬಂಡ್ವಾಳ್ವಿಲ್ಲದ್ ಬಡಾಯಿ’ಯಲ್ಲಿ ಟೊಳ್ಳು ಪ್ರತಿಷ್ಠೆಯ ವಕೀಲ, ‘ನಂ ಕಂಪ್ನಿ’ಯಲ್ಲಿ ನಾಟಕದ ಕಂಪನಿಯೇ ಹಾಸ್ಯದ ವಸ್ತು. ಇವುಗಳಿಗೆ ವೈಭವದ ಸೀನುಗಳು ಬೇಡ. ರಂಗದ ಮೇಲಿನವರೂ ಎದುರಿಗೆ ಕುಳಿತವರೂ ಒಂದೇ ಬೀದಿಯ ಜನ, ಒಂದೇ ಬಗೆಯ ಇಂಗ್ಲಿಷು ಬೆರೆತ ಕನ್ನಡದವರು. ಮೊದಲ ರಾತ್ರಿ ನೋಡಿದ ಗುಮಾಸ್ತನು ಮರುದಿನ ಕಚೇರಿಯಲ್ಲಿ ಆ ಮಾತುಗಳನ್ನು ಆಡಿತೋರಿಸಿದರೆ ಅದಕ್ಕಿಂತ ಮಿಗಿಲಾದ ಜಾಹೀರಾತು ಯಾವುದು? ತನ್ನ ಮೇಲಧಿಕಾರಿಯ ಚಹರೆ ಅಲ್ಲಿ ಕಂಡಿತೆಂದು ಒಬ್ಬನು, ಗೆಳೆಯನ ಚಹರೆ ಕಂಡಿತೆಂದು ಇನ್ನೊಬ್ಬನು ಬರುವನು; ತನ್ನದೇ ಕಂಡಿತೆಂದು ಯಾರೂ ಹೇಳರು. ರಾಘವರೂ ಕೈಲಾಸಂ ಅವರೂ 1946ರಲ್ಲಿಯೇ, ಒಂದೇ ವರುಷ, ತೀರಿಕೊಂಡರು.

ನದಿಯ ಈಚೆಗೆ ಈ ವಿನೋದವು ಅಷ್ಟು ಸಲೀಸಾಗಿ ದಾಟಿ ಬರುವಂತಿರಲಿಲ್ಲ. ರಾಯಚೂರು ಜಿಲ್ಲೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಕಚೇರಿಯ ಭಾಷೆ ಉರ್ದು. ಊರಿನ ಭಾಷೆ ಕನ್ನಡ. 1929ರ 53ನೆಯ ನಂಬರಿನ ಗಸ್ತಿಯು ಸಾರ್ವಜನಿಕ ಸಭೆಗೆ ಮುಂಚಿತವಾಗಿ ಪರವಾನಗಿ ಬೇಕೆಂದು ವಿಧಿಸಿದ್ದಿತು. ಬ್ರಿಟಿಷರ ಸೀಮೆಯಲ್ಲಿಯೂ 1876ರ ನಾಟಕಪ್ರಯೋಗ ಕಾಯಿದೆ ಇದ್ದೇ ಇತ್ತು. 1910ರಲ್ಲಿ ಮರಾಠಿಯ ‘ಕೀಚಕವಧ’ವನ್ನು ನಿಷೇಧಿಸಿದುದು ಸರ್ವವಿದಿತ. ನಾಲ್ಕು ಜನರನ್ನು ಕೂಡಿಸುವದಕ್ಕೇ ಕಚೇರಿಯ ಅಪ್ಪಣೆ ಬೇಕಾದಲ್ಲಿ, ಆ ಕಚೇರಿಯನ್ನೇ ನಗೆಗೀಡುಮಾಡುವೆವೆಂದು ಡಂಗುರ ಹೊಡೆಯುವ ಎದೆ ಯಾರಿಗಿದ್ದೀತು? ಪುರಾಣದ ವೇಷಕ್ಕೆ ಈ ಭಯವಿಲ್ಲ. ಈ ಭಾಗದಲ್ಲಿ ದೊಡ್ಡಾಟದ ಬಣ್ಣ ಬಾಳಿದಷ್ಟು ಕಚೇರಿಯ ವಿನೋದವು ಬೆಳೆಯದೆ ಇದ್ದುದಕ್ಕೆ ಜನರ ರುಚಿಯನ್ನು ದೂರುವವರು ಈ ಮಾತನ್ನು ಮರೆಯುತ್ತಾರೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯಸಮ್ಮೇಲನವು ರಾಯಚೂರಿನಲ್ಲಿಯೇ ನೆರೆಯಿತೆಂಬುದನ್ನು ನೆನೆದರೆ, ಇಲ್ಲಿ ಕನ್ನಡದ ಹಸಿವು ಎಂದೂ ಕಡಿಮೆಯಿರಲಿಲ್ಲವೆಂಬುದು ಸ್ಪಷ್ಟ.

1948ರಲ್ಲಿ ನಿಜಾಮರ ಆಳಿಕೆ ಮುಗಿಯಿತು. 1956ರಲ್ಲಿ ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಕೂಡಿತು. ಮುಂದೆ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ನಾಡಿನಲ್ಲೆಲ್ಲ ಸಾವಿರಾರು ಸಲ ಆಡಿದರು. ಸರಕಾರಿ ಕಚೇರಿಯ ಲಂಚವೇ ಅದರ ವಸ್ತು. ಆ ಹೆಸರನ್ನು ಕೇಳಿದವನಿಗೆ ಬೇರೆ ವಿವರಣೆ ಬೇಕಿಲ್ಲ: ದಶಾವತಾರವನ್ನು ಬಲ್ಲ ಮುದುಕನಿಗೂ, ಖಾತೆಯ ನಕಲಿಗಾಗಿ ಮೂರು ಸಲ ತಿರುಗಿ ಬಂದ ರೈತನಿಗೂ ಅದು ಕೂಡಲೆ ಅರ್ಥವಾಗುವದು. ಹೆಸರೇ ಹಸ್ತಪತ್ರಿಕೆಯಾಗುವಂತೆ ಇಡುವದು ಸಣ್ಣ ಜಾಣತನವಲ್ಲ. ಇದರ ಮೇಲೆ, ಅಂದಿನ ಸುದ್ದಿಯನ್ನು ಅಂದೇ ಮಾತಿಗೆ ಸೇರಿಸುವ ಅವರ ರೂಢಿಯಿಂದ ನಾಟಕವು ದಿನದಿನಕ್ಕೆ ಹೊಸತಾಗುತ್ತಿತ್ತು. ಒಮ್ಮೆ ನೋಡಿದವನು ಮತ್ತೊಮ್ಮೆ ಬರಲು ನೆವ ದೊರೆಯುತ್ತಿತ್ತು. ಅವರು 2019ರಲ್ಲಿ ತೀರಿಕೊಂಡರು.

ಜವಳಗೇರಾದ ನೆಲವೂ ಆ ಕಾಲದಲ್ಲಿಯೇ ಬದಲಾಯಿತು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಬತ್ತದ ಗದ್ದೆಗಳಾದವು. ಬೀಜ ಬೆಳೆಯುವ ಕೇಂದ್ರ ಸರಕಾರದ ಕೃಷಿಕ್ಷೇತ್ರವು ಬಂದಿತು. ಹಾಜರಿ, ಕೂಲಿಯ ಪಟ್ಟಿ, ಸಾಹೇಬರ ತಪಾಸಣೆ, ಇವೆಲ್ಲ ಹೊಲದ ಜನರಿಗೂ ಮನೆಯ ಮಾತಾದವು. ಕಚೇರಿಯ ವಿನೋದಕ್ಕೆ ಬೇಕಾದ ಸಾಮಗ್ರಿಯು ಈಗ ಇಲ್ಲಿ ಪರವೂರಿನಿಂದ ಬರಬೇಕಾಗಿಲ್ಲ. ಇಂತಹ ನಾಟಕವನ್ನು ಆಡಹೊರಟವರು ದೊಡ್ಡ ಕಂಪನಿಗಳನ್ನು ಅನುಕರಿಸಿ ‘ಅದ್ಭುತ’, ‘ಅಮೋಘ’, ‘ಹೊಟ್ಟೆ ಹುಣ್ಣಾಗಿಸುವ’ ಎಂದು ಅಚ್ಚು ಹಾಕಿಸುವದು ಮಾತ್ರ ವ್ಯರ್ಥ ಶ್ರಮ. ಬಂಡವಾಳವಿಲ್ಲದ ಬಡಾಯಿಯನ್ನು ಕೈಲಾಸಂ ಅವರು ಸುಮ್ಮನೆ ಹಾಸ್ಯಮಾಡಲಿಲ್ಲ. ಸಾಹೇಬನ ಪಾತ್ರಕ್ಕೆ ಇಂಥವರ ಮಗನು, ಜವಾನನ ಪಾತ್ರಕ್ಕೆ ಇಂಥ ಓಣಿಯವನು, ಎಂದು ಬರೆದರೆ ಆ ಓಣಿಯು ಬರುವದು. ಸಂಜೆಗೆ ಧ್ವನಿವರ್ಧಕ ಕಟ್ಟಿದ ಗಾಡಿಯೊಂದು ಅಗಸೆಯಿಂದ ಹೊರಟು ಆ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋಗುವಾಗ, ಅಡುಗೆಯ ಮನೆಯಿಂದ ಯಾರದೋ ತಾಯಿ ಬಾಗಿಲಿಗೆ ಬಂದು, ಮಗನ ಹೆಸರು ಬರುವ ತನಕ ಅಲ್ಲಿಯೇ ನಿಲ್ಲುವಳು.