ಸ್ವರ್ಗದ ಆಫರ್ ಲೆಟರ್

ಹೋದ ತಿಂಗಳು ಯಲ್ಲಾಪುರದ ಕಡೆಯ ಹೋಮ್‌ಸ್ಟೇ ಒಂದರ ಜಾಹೀರಾತು ವಾಟ್ಸಾಪಿನಲ್ಲಿ ಬಂತು. ತೊರೆ, ಅಡಿಕೆ ತೋಟ, ಕೆಳಗೆ ‘ಭೂಮಿ ಮೇಲಿನ ಸ್ವರ್ಗ’. ಊರಿಗೆ ಹೋದಾಗ ಅಮ್ಮಮ್ಮಂಗೆ ಓದಿ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: ‘ಇದ್ರಲ್ಲಿ ಜ್ವರದ ಸುದ್ದಿನೇ ಇಲ್ಲೆ ಅಲ್ದನಾ ತಮಾ?’

ನಮ್ಮ ಸೀಮೆಯನ್ನು ಹೊಗಳೋದು ಹೊಸದಲ್ಲ. ದುಂಬಿಯೋ ಕೋಗಿಲೆಯೋ ಆಗಿಯಾದರೂ ಬನವಾಸಿಯಲ್ಲಿ ಹುಟ್ಟಬೇಕು ಅಂತ ಪಂಪ ಆಸೆಪಟ್ಟಿದ್ದು ಕ್ರಿ.ಶ. 941ರ ಹೊತ್ತಿಗೆ. ಆದರೆ ಆತ ಇದ್ದದ್ದು ಅರಿಕೇಸರಿಯ ಆಸ್ಥಾನದಲ್ಲಿ, ಈಗಿನ ತೆಲಂಗಾಣದ ವೇಮುಲವಾಡದ ಕಡೆ. ನಮ್ಮ ಭಾಷೇಲಿ ಹೇಳೋದಾದ್ರೆ, ಆನ್‌ಸೈಟಿನಲ್ಲಿ ಕೂತು ಊರು ನೆನೆಸಿಕೊಂಡವ.

ಇನ್ನು ಜನರನ್ನು ಕರೆಸಿದ್ದು. ಕದಂಬರ ಮಯೂರವರ್ಮ ಉತ್ತರದ ಅಹಿಚ್ಛತ್ರದಿಂದ ನಮ್ಮವರನ್ನು ಕರೆತಂದ ಅನ್ನೋದು ಹವ್ಯಕರ ಮನೆಗಳಲ್ಲಿ ಕೇಳಿ ಬೆಳೆದ ಐತಿಹ್ಯ. ಅದನ್ನು ಹಾಗ್ಹಾಗೇ ಇತಿಹಾಸ ಅನ್ನೋಕಾಗಲ್ಲ. ಆದರೆ ರಾಜರು ಅಗ್ರಹಾರ ಕೊಟ್ಟು, ತೆರಿಗೆ ಬಿಟ್ಟು ಜನರನ್ನು ನೆಲೆಗೊಳಿಸುತ್ತಿದ್ದದ್ದು ಶಾಸನಗಳಲ್ಲೇ ಇದೆ. ಬ್ರಿಟಿಷರ ಕಾಲದಲ್ಲೂ ಶಿರಸಿ, ಸಿದ್ದಾಪುರಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು. ಒಳ್ಳೇ ಪ್ಯಾಕೇಜೇ!

ಈ ಆಫರ್ ಲೆಟರಿನಲ್ಲಿ ಇಲ್ಲದ ಸಾಲು ಒಂದೇ: ಚಳಿಜ್ವರ, ಅಂದರೆ ಮಲೇರಿಯಾ. ಘಟ್ಟದ ಮೇಲಿನ ಜ್ವರದ ಬಗ್ಗೆ 1883ರ ಕೆನರಾ ಗೆಜೆಟಿಯರ್ ಕೂಡ ಹೇಳುತ್ತದೆ. ಅದನ್ನು ಹರಡೋ ಫ್ಲುವಿಯಾಟಿಲಿಸ್ ಸೊಳ್ಳೆ ಮೊಟ್ಟೆ ಇಡೋದು ಕೊಚ್ಚೆಯಲ್ಲಲ್ಲ, ನಿಧಾನಕ್ಕೆ ಹರಿಯೋ ತಿಳಿನೀರಿನ ತೊರೆಯಲ್ಲಿ. ಜಾಹೀರಾತಿನ ಫೋಟೋದಲ್ಲಿರೋ ಅಂಥದೇ ತೊರೆ! ತೋಟಕ್ಕೆ ನೀರು ಕೊಟ್ಟಿದ್ದೂ ಅದೇ, ಮನೆ ಖಾಲಿ ಮಾಡಿಸಿದ್ದೂ ಅದೇ. 1945–46ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ, ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿಡಿಟಿ ಹೊಡೆಯೋಕೆ ಶುರುವಾದ ಮೇಲೆ ಜ್ವರ ಇಳಿಯಿತು. ಅಂದರೆ ಊರನ್ನು ಬದುಕೋ ಹಾಗೆ ಮಾಡಿದ್ದು ಹೊಗಳಿಕೆ ಅಲ್ಲ, ಮನೆಮನೆ ಸುತ್ತಿದ ಪಂಪು.

ಈಗ ಕರೆಯೋರು ಹೋಮ್‌ಸ್ಟೇಯವರು. ವರ್ಕ್ ಫ್ರಮ್ ಹೋಮ್ ಅಂತ ವಾಪಸ್ ಹೋಗಿಬಿಡೋಣ ಅಂತ ನನಗೂ ಅನಿಸುತ್ತದೆ. ಆದರೆ 2024ರಲ್ಲೂ ಸಿದ್ದಾಪುರದಲ್ಲಿ ಮಂಗನ ಕಾಯಿಲೆ ಕಾಡಿತು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ದೊಡ್ಡದಾಗೇ ದನಿ ಎತ್ತಿದ್ದರು. ರಾತ್ರಿ ಎದೆನೋವು ಬಂದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್.

ಸ್ವರ್ಗ ಸುಳ್ಳಲ್ಲ. ಸಹಿ ಹಾಕೋ ಮುಂಚೆ ಮಾತ್ರ ಅಮ್ಮಮ್ಮ ಕೇಳಿದ್ದನ್ನೇ ಕೇಳಿ.