ಹಳೆಯ ಯಂತ್ರ, ಹೊಸ ಪರದೆ

ರಾಯಚೂರು ಜಿಲ್ಲೆಯ ಕಲ್ಲೂರಿನಂತಹ ಊರಿನಲ್ಲಿ ಹಳೆಯ ಕಂಪ್ಯೂಟರನ್ನು ಮೂಲೆಗೆ ಸೇರಿಸಲು ಮನಸ್ಸು ಬಾರದು. ಅದಕ್ಕೆ ಮರುಜೀವ ಕೊಡಬಲ್ಲವು ಲಿನಕ್ಸ್‌ನ ಹಗುರ ಡೆಸ್ಕ್‌ಟಾಪ್‌ಗಳು. 1996ರಲ್ಲಿ ಒಲಿವಿಯೆ ಫೂರ್ಡಾನ್ ಆರಂಭಿಸಿದ 'ಎಕ್ಸ್‌ಎಫ್‌ಸಿಇ' ಅಂಥದೊಂದು. ಅದರ ಆಧಾರ, 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ 'ಎಕ್ಸ್' ಎಂಬ ಪರದೆ ವ್ಯವಸ್ಥೆ.

ಎಕ್ಸ್‌ನಲ್ಲಿ ಒಂದು ಕುಂದಿದೆ. ಒಂದು ತಂತ್ರಾಂಶಕ್ಕಾಗಿ ಒತ್ತಿದ ಕೀಲಿಗಳನ್ನು ಮತ್ತೊಂದು ಕದ್ದು ನೋಡಬಹುದು. 2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಆರಂಭಿಸಿದ 'ವೇಲ್ಯಾಂಡ್' ಈ ದಾರಿಯನ್ನು ಮುಚ್ಚಿತು. ಆದರೆ ಕನ್ನಡ ಬೆರಳಚ್ಚಿನ ದಾರಿಯೂ ಬದಲಾಯಿತು. ಈಗ ಕಿಟಕಿಗಳನ್ನು ಜೋಡಿಸುವ ತಂತ್ರಾಂಶವೇ ಅದಕ್ಕೆ ನೆರವಾಗಬೇಕು.

2024ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20ರಲ್ಲಿ ವೇಲ್ಯಾಂಡ್ ಬೆಂಬಲ ಇನ್ನೂ ಪ್ರಾಯೋಗಿಕವಾಗಿತ್ತು. ಹಳೆಯ ಯಂತ್ರದ ಮುಂದೆ ಕುಳಿತು ಕನ್ನಡದಲ್ಲಿ ಅರ್ಜಿ ಬರೆಯುವವರಿಗೆ ಪರದೆಯ ಹೊಳಪು ಮುಖ್ಯವಲ್ಲ. ಒತ್ತಿದ ಕೀಲಿಗೆ 'ಕ್ಷ' ಮೂಡಬೇಕು. ಹೊಸ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಅದೇ.